ಅಕ್ಷರವೂ ಅಂಕವೂ: ಜಿ.ಪಿ.ಎ. ಎಂಬ ಸರಾಸರಿಯ ಚರಿತ್ರೆ

(ಕೂಟದ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಭಾಷಣದ ಪಠ್ಯ)



ನಮ್ಮಲ್ಲಿ ಬಹುಮಂದಿ ಪ್ರತಿಶತ ಅಂಕಗಳ ನಾಡಿನಿಂದ ಬಂದವರು. ಎಸ್.ಎಸ್.ಎಲ್.ಸಿ.ಯಲ್ಲಿ ಒಟ್ಟು ಎಷ್ಟು ಬಂತು, ಪಿ.ಯು.ಸಿ.ಯಲ್ಲಿ ಗಣಿತಕ್ಕೆ ಎಷ್ಟು, ಪ್ರಥಮ ದರ್ಜೆಯೇ, ರ‍್ಯಾಂಕ್ ಉಂಟೇ ಎಂಬ ಪ್ರಶ್ನೆಗಳಿಗೆ ನೆಂಟರಿಷ್ಟರೆದುರು ಉತ್ತರ ಹೇಳುತ್ತಲೇ ಬೆಳೆದವರು. ಅಮೆರಿಕದಲ್ಲಿ ನಮ್ಮ ಮಕ್ಕಳು ಮನೆಗೆ ತರುವುದು ಬೇರೊಂದು ಬಗೆಯ ಸಂಖ್ಯೆಯನ್ನು: 3.4, 3.87, ಕೆಲವೊಮ್ಮೆ ನಾಲ್ಕನ್ನೂ ಮೀರಿದ 4.6. ಈ ಸಂಖ್ಯೆಯ ಅರ್ಥವೇನೆಂದು ತಿಳಿಯುವ ಮೊದಲೇ ನಾವು ಅದಕ್ಕೆ ಹರ್ಷಿಸುತ್ತೇವೆ, ಇಲ್ಲವೇ ಕಳವಳಪಡುತ್ತೇವೆ. ದಶಾಂಶ ಬಿಂದುವಿನ ಆಚೆಗಿನ ಒಂದು ಅಂಕಿಗಾಗಿ ಮಕ್ಕಳು ತಮಗೆ ಪ್ರಿಯವಾದ ವಿಷಯವನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವುದೂ ಉಂಟು. ಆದ್ದರಿಂದ ಈ ಸರಾಸರಿ ಎಲ್ಲಿಂದ ಬಂತು, ಅದನ್ನು ಹೇಗೆ ಲೆಕ್ಕಹಾಕುತ್ತಾರೆ, ಯಾವ ಯಾವ ಕಾರ್ಯಕ್ಕೆ ಅದನ್ನು ಬಳಸಿಕೊಂಡಿದ್ದಾರೆ ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಕೇವಲ ಕುತೂಹಲದ ಮಾತಲ್ಲ; ಅದು ನಮ್ಮ ಮನೆಗಳಿಗೆ ಸಂಬಂಧಿಸಿದ ವಿಚಾರ.

ಅಂಕಗಳಿಲ್ಲದ ಕಾಲ

ಪರೀಕ್ಷೆ ಪುರಾತನವಾದುದು, ಅಂಕ ತೀರ ಈಚಿನದು. ಯೂರೋಪಿನ ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಯನ್ನು ವಾದದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಿದ್ದರು. ನಮ್ಮ ನಾಡಿನ ವಿದ್ವತ್ಸಭೆಗಳಂತೆಯೇ ಅಲ್ಲಿಯೂ ಹಿರಿಯರ ಒಪ್ಪಿಗೆಯೇ ಪ್ರಮಾಣಪತ್ರ. 18ನೆಯ ಶತಮಾನದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪರೀಕ್ಷೆಯಲ್ಲಿ ಉತ್ತೀರ್ಣರಾದವರನ್ನು ಮೊದಲಿನವನಿಂದ ಕೊನೆಯವನವರೆಗೆ ಒಂದೇ ಸಾಲಿನಲ್ಲಿ ನಿಲ್ಲಿಸುವ ಪದ್ಧತಿ ಬೆಳೆಯಿತು. ಮೊದಲನೆಯವನು 'ಸೀನಿಯರ್ ರ‍್ಯಾಂಗ್ಲರ್'. ಕೊನೆಯವನಿಗೆ ಗೆಳೆಯರು ಪರಿಹಾಸಕ್ಕಾಗಿ ಮರದ ಸೌಟನ್ನು ಕೊಡುತ್ತಿದ್ದರು. 1899ರಲ್ಲಿ ರಘುನಾಥ ಪರಾಂಜಪೆಯವರು ಸೀನಿಯರ್ ರ‍್ಯಾಂಗ್ಲರ್ ಎನಿಸಿದ ಮೊದಲ ಭಾರತೀಯರಾದರು. ಹೀಗೆ ಅನುಕ್ರಮವಾಗಿ ಫಲಿತಾಂಶವನ್ನು ಪ್ರಕಟಿಸುವ ಪದ್ಧತಿಯನ್ನು 1909ರ ಪರೀಕ್ಷೆಯ ತರುವಾಯ ಕೇಂಬ್ರಿಜ್ ಕೈಬಿಟ್ಟಿತು. ಆದರೆ ಭಾರತದಲ್ಲಿ ರ‍್ಯಾಂಕಿನ ಮೋಹ ಮುಂದೆಯೂ ಬಹುಕಾಲ ಉಳಿಯಿತೆಂಬುದು ನಮಗೆಲ್ಲ ತಿಳಿದ ಸಂಗತಿ.

ಅಮೆರಿಕದಲ್ಲಿ ಶ್ರೇಣೀಕರಣದ ಮೊದಲ ದಾಖಲೆಗಳಲ್ಲಿ ಒಂದು ಯೇಲ್ ಕಾಲೇಜಿನದು. ಅದರ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 1785ರಲ್ಲಿ 58 ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಸಂಗತಿಯನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅವರಲ್ಲಿ 20 ಮಂದಿ ಅತ್ಯುತ್ತಮರು, 16 ಮಂದಿ ಎರಡನೆಯ ದರ್ಜೆಯ ಉತ್ತಮರು, 12 ಮಂದಿ ಕೆಳಗಿನವರು, ಉಳಿದ 10 ಮಂದಿ ಇನ್ನೂ ಕೆಳಗಿನವರು. ಸ್ಟೈಲ್ಸ್ ಈ ಹೆಸರುಗಳನ್ನು ಲ್ಯಾಟಿನ್ ಭಾಷೆಯಲ್ಲಿ ಕೊಟ್ಟಿದ್ದರು. ಇಲ್ಲಿ ಗಮನಿಸಬೇಕಾದುದು ನಾಲ್ಕು ದರ್ಜೆಗಳು. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಅದೇ ಯೇಲ್ ಕಾಲೇಜು ನಾಲ್ಕರ ಮಾಪಕದಲ್ಲಿ ವಿದ್ಯಾರ್ಥಿಗಳ ಸರಾಸರಿಯನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿತು. ಇಂದು ನಮ್ಮ ಮಕ್ಕಳ ಅಂಕಪಟ್ಟಿಯಲ್ಲಿ ಕಾಣುವ ನಾಲ್ಕರ ಅಳತೆಗೆ ಇಷ್ಟು ಹಳೆಯ ಪೂರ್ವಜರಿದ್ದಾರೆ.

ಇತರ ಕಾಲೇಜುಗಳು ಬೇರೆ ದಾರಿ ಹಿಡಿದವು. 1829ರಿಂದ 1845ರವರೆಗೆ ಹಾರ್ವರ್ಡ್ ಅಧ್ಯಕ್ಷರಾಗಿದ್ದ ಜೋಸಾಯ ಕ್ವಿನ್ಸಿ ಪ್ರತಿಯೊಂದು ಪಾಠ ಒಪ್ಪಿಸುವಿಕೆಗೂ ಎಂಟರ ಮಾಪಕದಲ್ಲಿ ಅಂಕ ಕೊಡುವ ಪದ್ಧತಿಯನ್ನು ನಡೆಸಿದರು. ವಿದ್ಯಾರ್ಥಿ ಶಿಸ್ತನ್ನು ಮೀರಿದರೆ ಅದೇ ಮೊತ್ತದಿಂದ ಅಂಕಗಳನ್ನು ಕಳೆಯುತ್ತಿದ್ದರು. ಆದ್ದರಿಂದ ಆ ಸಂಖ್ಯೆ ಪಾಂಡಿತ್ಯವನ್ನು ಅಳೆಯಿತೋ ವಿನಯವನ್ನು ಅಳೆಯಿತೋ ಎಂದು ಬಿಡಿಸಿ ಹೇಳಲು ಬಾರದು. ಈ ಗೊಂದಲ ಇಂದಿಗೂ ಪೂರ್ಣವಾಗಿ ತೀರಿಲ್ಲ. ಮನೆಗೆಲಸವನ್ನು ತಡವಾಗಿ ಒಪ್ಪಿಸಿದ್ದಕ್ಕೆ ಅಂಕ ಕಡಿತಗೊಳಿಸುವ ಶಾಲೆ ಕ್ವಿನ್ಸಿಯವರ ದಾರಿಯಲ್ಲಿಯೇ ನಡೆಯುತ್ತಿದೆ.

ಅಕ್ಷರಗಳು ಬಂದ ಬಗೆ

ಅಕ್ಷರಶ್ರೇಣಿಯ ಸ್ಪಷ್ಟ ದಾಖಲೆ ದೊರೆಯುವುದು ಮ್ಯಾಸಚೂಸೆಟ್ಸಿನ ಮೌಂಟ್ ಹೋಲ್ಯೋಕ್ ಎಂಬ ಮಹಿಳಾ ಕಾಲೇಜಿನಲ್ಲಿ. 1897ರಲ್ಲಿ ಆ ಕಾಲೇಜು 95ರಿಂದ 100ರವರೆಗಿನ ಅಂಕಕ್ಕೆ 'ಎ', 85ರಿಂದ 94ಕ್ಕೆ 'ಬಿ', 76ರಿಂದ 84ಕ್ಕೆ 'ಸಿ', ಸರಿಯಾಗಿ 75ಕ್ಕೆ 'ಡಿ', ಅದಕ್ಕಿಂತ ಕಡಿಮೆಗೆ 'ಇ' ಎಂದು ನಿಗದಿಪಡಿಸಿತು. ಮರುವರ್ಷವೇ ಈ ಗಡಿಗಳನ್ನು ಬದಲಿಸಿ, ಅನುತ್ತೀರ್ಣತೆಗೆ 'ಎಫ್' ಅನ್ನು ಸೇರಿಸಿತು. ನಾವು ಓದಿದ ಕಾಲದ ನಮ್ಮ ಪದ್ಧತಿಯಲ್ಲಿ 35 ಬಂದರೆ ಉತ್ತೀರ್ಣ, 60 ಬಂದರೆ ಪ್ರಥಮ ದರ್ಜೆ ಎನ್ನುತ್ತಿದ್ದರು. ಅವರಲ್ಲಿ 74 ಬಂದರೂ ಅನುತ್ತೀರ್ಣ. ಆ ಕಾಲೇಜಿನ ಕನ್ಯೆಯರು ನಮ್ಮ ಹಿರಿಯರಿಗಿಂತ ಎರಡು ಪಾಲು ಬುದ್ಧಿವಂತರೆಂದು ಇದರ ಅರ್ಥವಲ್ಲ. ಅಲ್ಲಿಯ ಪ್ರಶ್ನೆಗಳು ಬೇರೆ, ಮೌಲ್ಯಮಾಪನದ ಧೋರಣೆ ಬೇರೆ. ಅಂಕವೆಂಬುದು ಅದನ್ನು ಕೊಟ್ಟ ಕೈಯಿಂದ ಬೇರ್ಪಟ್ಟು ಅರ್ಥ ಕೊಡಲಾರದು ಎಂಬ ಸತ್ಯ ಇಲ್ಲಿಯೇ ಕಾಣುತ್ತದೆ.

ಈ ಸತ್ಯವನ್ನು ಪ್ರಯೋಗದಿಂದ ತೋರಿಸಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್. 1912ರಲ್ಲಿ ಅವರು ಇಂಗ್ಲಿಷಿನ ಉತ್ತರಪತ್ರಿಕೆಗಳ ಪ್ರತಿಗಳನ್ನು ಅನೇಕ ಪ್ರೌಢಶಾಲೆಗಳಿಗೆ ಕಳುಹಿಸಿ ಮೌಲ್ಯಮಾಪನ ಮಾಡಿಸಿದರು. ಒಂದೇ ಪತ್ರಿಕೆಗೆ ಒಬ್ಬ ಅಧ್ಯಾಪಕರು 50ರ ಸುಮಾರು ಅಂಕ ಕೊಟ್ಟರೆ ಮತ್ತೊಬ್ಬರು 90ಕ್ಕೂ ಮಿಕ್ಕಿ ಕೊಟ್ಟಿದ್ದರು. ಭಾಷೆಯ ವಿಷಯದಲ್ಲಿ ಹೀಗಾಗುವುದು ಸಹಜ, ಗಣಿತದಲ್ಲಿ ಆಗಲಾರದು ಎಂಬ ಆಕ್ಷೇಪ ಬಂತು. ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಕಳುಹಿಸಿದರು. ಅಲ್ಲಿ ವ್ಯತ್ಯಾಸ ಇನ್ನೂ ಹೆಚ್ಚಾಗಿ, ಒಂದೇ ಪತ್ರಿಕೆಗೆ 28ರಿಂದ 90ರ ಆಚೆಯವರೆಗೆ ಅಂಕಗಳು ಬಂದವು. ಕೆಲವರು ಉತ್ತರವನ್ನು ಮಾತ್ರ ನೋಡಿದ್ದರು, ಕೆಲವರು ವಿಧಾನಕ್ಕೆ ಅಂಕ ಕೊಟ್ಟಿದ್ದರು, ಇನ್ನು ಕೆಲವರು ಅಂದವಿಲ್ಲದ ಬರವಣಿಗೆಗೆ ಅಂಕ ಕಳೆದಿದ್ದರು. ನೂರು ಮೆಟ್ಟಿಲುಗಳ ಸೂಕ್ಷ್ಮ ಅಳತೆ ನಂಬತಕ್ಕದ್ದಲ್ಲ, ಐದು ಮೆಟ್ಟಿಲುಗಳ ಸ್ಥೂಲ ಅಳತೆಯೇ ಪ್ರಾಮಾಣಿಕವಾದುದು ಎಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂತು. ಅಕ್ಷರಶ್ರೇಣಿ ದೇಶದಲ್ಲೆಲ್ಲ ಹರಡಿತು.

ಇಲ್ಲೊಂದು ವಿಪರ್ಯಾಸವಿದೆ. ಸೂಕ್ಷ್ಮ ಸಂಖ್ಯೆಯನ್ನು ನಂಬಲಾಗದೆಂದು ಅಕ್ಷರವನ್ನು ತಂದರು; ಅನಂತರ ಅದೇ ಅಕ್ಷರಗಳನ್ನು ಮತ್ತೆ ಸಂಖ್ಯೆಯಾಗಿಸಿ, ಕೂಡಿಸಿ, ಭಾಗಿಸಿ, ಎರಡು ದಶಾಂಶ ಸ್ಥಾನಗಳವರೆಗೆ ಬರೆದರು. ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ಅತಿಸೂಕ್ಷ್ಮತೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು.

ಕ್ರೆಡಿಟ್ ಎಂಬ ತೂಕದ ಬಟ್ಟು

ಸರಾಸರಿಗೆ ತೂಕ ಬೇಕು. ಆ ತೂಕ ಬಂದುದು ಪಿಂಚಣಿಯ ದಾರಿಯಿಂದ ಎಂದರೆ ಕೇಳಿದವರಿಗೆ ಆಶ್ಚರ್ಯವಾದೀತು. 1905ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಅಧ್ಯಾಪಕರ ಪಿಂಚಣಿಗಾಗಿ ಒಂದು ಕೋಟಿ ಡಾಲರುಗಳನ್ನು ದತ್ತಿಯಾಗಿ ಕೊಟ್ಟರು. ಈ ಹಣ ಯಾವ ಸಂಸ್ಥೆಗೆ ಸಲ್ಲಬೇಕು? ನಿಜವಾದ ಕಾಲೇಜು ಯಾವುದು, ಪ್ರೌಢಶಾಲೆ ಯಾವುದು ಎಂಬ ಗೆರೆಯೇ ಆಗ ಸ್ಪಷ್ಟವಾಗಿರಲಿಲ್ಲ. ಆದ್ದರಿಂದ ಕಾರ್ನೆಗಿ ಪ್ರತಿಷ್ಠಾನವು ಪ್ರವೇಶಕ್ಕೆ ಬೇಕಾದ ಪ್ರೌಢಶಾಲಾ ಶಿಕ್ಷಣವನ್ನು ಗಂಟೆಗಳಲ್ಲಿ ಅಳೆಯಿತು. ಒಂದು ವಿಷಯದಲ್ಲಿ ವರ್ಷಕ್ಕೆ 120 ಗಂಟೆಗಳ ಬೋಧನೆಯಾದರೆ ಒಂದು ಘಟಕ. ಕಾಲೇಜನ್ನು ಸೇರಲು ಅಂಥ 14 ಘಟಕಗಳು ಬೇಕು. ಪಿಂಚಣಿಯನ್ನು ಬಯಸಿದ ಕಾಲೇಜುಗಳು ಇದನ್ನು ಒಪ್ಪಿಕೊಂಡವು, ಪ್ರೌಢಶಾಲೆಗಳು ಹಿಂಬಾಲಿಸಿದವು. ಕಾಲೇಜುಗಳಲ್ಲಿಯೂ ವಾರದ ಬೋಧನಾವಧಿಯನ್ನು ಅನುಸರಿಸಿ 'ಕ್ರೆಡಿಟ್' ಎಣಿಸುವುದು ರೂಢಿಯಾಯಿತು. ವಿದ್ಯಾರ್ಥಿಗಳು ತಮಗೆ ಬೇಕಾದ ವಿಷಯಗಳನ್ನು ಆರಿಸಿಕೊಳ್ಳುವ ಪದ್ಧತಿಯನ್ನು 1869ರಲ್ಲಿ ಅಧಿಕಾರ ವಹಿಸಿಕೊಂಡ ಚಾರ್ಲ್ಸ್ ಎಲಿಯಟ್ ಹಾರ್ವರ್ಡಿನಲ್ಲಿ ಅದಾಗಲೇ ವಿಸ್ತರಿಸಿದ್ದರು. ಬೇರೆ ಬೇರೆ ವಿಷಯಗಳನ್ನು ಓದಿದವರನ್ನು ಒಂದೇ ತಕ್ಕಡಿಯಲ್ಲಿ ತೂಗಲು ಕ್ರೆಡಿಟ್ ತೂಕದ ಬಟ್ಟಾಯಿತು.

ಈಗ ಲೆಕ್ಕವನ್ನೇ ಮಾಡಿ ನೋಡೋಣ. ಒಬ್ಬ ವಿದ್ಯಾರ್ಥಿನಿ 4 ಕ್ರೆಡಿಟ್‌ಗಳ ಗಣಿತದಲ್ಲಿ 'ಬಿ', 4 ಕ್ರೆಡಿಟ್‌ಗಳ ರಸಾಯನಶಾಸ್ತ್ರದಲ್ಲಿ 'ಬಿ ಪ್ಲಸ್', 3 ಕ್ರೆಡಿಟ್‌ಗಳ ಚರಿತ್ರೆಯಲ್ಲಿ 'ಎ', 1 ಕ್ರೆಡಿಟ್‌ನ ವ್ಯಾಯಾಮ ತರಗತಿಯಲ್ಲಿ 'ಎ' ಪಡೆದಳೆನ್ನಿ. 'ಎ' ಎಂದರೆ 4, 'ಬಿ ಪ್ಲಸ್' 3.3, 'ಬಿ' 3. ಪ್ರತಿಯೊಂದನ್ನೂ ಅದರ ಕ್ರೆಡಿಟ್‌ನಿಂದ ಗುಣಿಸಿದರೆ 12, 13.2, 12 ಮತ್ತು 4, ಒಟ್ಟು 41.2. ಇದನ್ನು 12 ಕ್ರೆಡಿಟ್‌ಗಳಿಂದ ಭಾಗಿಸಿದರೆ 3.43. ಕ್ರೆಡಿಟ್ಟನ್ನು ಮರೆತು ನಾಲ್ಕು ಶ್ರೇಣಿಗಳನ್ನು ಸುಮ್ಮನೆ ಕೂಡಿಸಿ ಭಾಗಿಸಿದ್ದರೆ 3.58 ಬರುತ್ತಿತ್ತು, ಅದು ತಪ್ಪು ಲೆಕ್ಕ.

ಎರಡನೆಯದಾಗಿ, ಒಟ್ಟು ಸರಾಸರಿ ಎಂಬುದು ಸೆಮಿಸ್ಟರ್‌ಗಳ ಸರಾಸರಿಗಳ ಸರಾಸರಿಯಲ್ಲ. ಎಲ್ಲ ಕ್ರೆಡಿಟ್‌ಗಳನ್ನೂ ಒಟ್ಟಿಗೆ ಸೇರಿಸಿ ಮಾಡಿದ ಲೆಕ್ಕ. ಆದ್ದರಿಂದ ಕಾಲ ಕಳೆದಂತೆ ಅದು ಭಾರವಾಗುತ್ತದೆ. ಮೂರು ವರ್ಷಗಳಲ್ಲಿ 90 ಕ್ರೆಡಿಟ್‌ಗಳಿಗೆ 3.0 ಇರುವ ವಿದ್ಯಾರ್ಥಿ ಕೊನೆಯ ವರ್ಷದ 30 ಕ್ರೆಡಿಟ್‌ಗಳಲ್ಲಿ ಎಲ್ಲದಕ್ಕೂ 'ಎ' ಪಡೆದರೂ ಅವನ ಸರಾಸರಿ 3.25 ಮಾತ್ರ. ಅವನಲ್ಲಿ ಆದ ನಿಜವಾದ ಬೆಳವಣಿಗೆಯನ್ನು ಆ ಸಂಖ್ಯೆ ನುಂಗಿಬಿಡುತ್ತದೆ. ವರ್ಷವರ್ಷದ ಅಂಕಪಟ್ಟಿಯನ್ನು ಓದಿದವರಿಗೆ ಮಾತ್ರ ಅದು ಕಾಣುತ್ತದೆ.

ಮೂರನೆಯದು ಪ್ರೌಢಶಾಲೆಯ ಮಕ್ಕಳ ಪೋಷಕರಿಗೆ ಮುಖ್ಯವಾದುದು. ಕಾಲೇಜ್ ಬೋರ್ಡ್ 1950ರ ದಶಕದ ಮಧ್ಯದಲ್ಲಿ ಆರಂಭಿಸಿದ ಎ.ಪಿ. ತರಗತಿಗಳು ಕಠಿಣವಾದವು. ಅವುಗಳನ್ನು ಆರಿಸಿಕೊಳ್ಳಲು ಉತ್ತೇಜನ ಕೊಡಬೇಕೆಂದು ಅನೇಕ ಶಾಲೆಗಳು ಅಲ್ಲಿಯ 'ಎ'ಗೆ 4ರ ಬದಲು 5 ಅಂಕ ಕೊಡುತ್ತವೆ. ಉದ್ದೇಶ ಒಳ್ಳೆಯದೇ. ಪರಿಣಾಮವನ್ನು ನೋಡಿ: ಐದು ಎ.ಪಿ. ತರಗತಿಗಳಲ್ಲಿ ಐದು 'ಎ' ಪಡೆದವಳ ಸರಾಸರಿ 5.0. ಅವಳು ಆರನೆಯದಾಗಿ ಶಾಲೆಯ ವಾದ್ಯವೃಂದವನ್ನು ಸೇರಿ ಅಲ್ಲಿಯೂ 'ಎ' ಪಡೆದರೆ ಒಟ್ಟು 29 ಅಂಕಗಳು, ಆರು ತರಗತಿಗಳು, ಸರಾಸರಿ 4.83. ಹೆಚ್ಚು ಕಲಿತು, ಪೂರ್ಣ ಶ್ರೇಣಿಯನ್ನೇ ಪಡೆದು, ಅವಳು ಕೆಳಗಿಳಿದಳು! ಸಂಗೀತವನ್ನು ಬಿಡಬೇಕೆಂದು ಮಗಳು ಹೇಳಿದಾಗ ಅವಳಿಗೆ ಸಂಗೀತದಲ್ಲಿ ಆಸಕ್ತಿ ಕುಂದಿತೆಂದು ನಾವು ಭಾವಿಸುತ್ತೇವೆ. ಕೆಲವೊಮ್ಮೆ ಕುಂದಿರುವುದು ಆಸಕ್ತಿಯಲ್ಲ, ಭಾಗಾಕಾರ. ಇದನ್ನು ಬಲ್ಲ ಅನೇಕ ವಿಶ್ವವಿದ್ಯಾನಿಲಯಗಳು ಶಾಲೆ ಕೊಟ್ಟ ಸರಾಸರಿಯನ್ನು ಬದಿಗಿಟ್ಟು ತಮ್ಮದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕುತ್ತವೆ.

ಸರಾಸರಿಗೆ ಹೊರಿಸಿದ ಹೊರೆಗಳು

ಕಾಲೇಜಿನ ಒಳಗಿನ ದಾಖಲೆಗಾಗಿ ಹುಟ್ಟಿದ ಈ ಸಂಖ್ಯೆಗೆ 20ನೆಯ ಶತಮಾನ ಹೊರಗಿನ ಕೆಲಸಗಳನ್ನು ವಹಿಸಿತು. ಅವುಗಳಲ್ಲಿ ಅತ್ಯಂತ ಘೋರವಾದುದು ಯುದ್ಧದ ಕೆಲಸ. ಕೊರಿಯಾ ಯುದ್ಧದ ಕಾಲದಲ್ಲಿ, 1951ರಲ್ಲಿ, ಕಡ್ಡಾಯ ಸೈನ್ಯಭರ್ತಿಯಿಂದ ವಿದ್ಯಾರ್ಥಿಗೆ ವಿನಾಯಿತಿ ಕೊಡಲು ತರಗತಿಯಲ್ಲಿ ಅವನ ಸ್ಥಾನವನ್ನು, ಇಲ್ಲವೇ ಒಂದು ವಿಶೇಷ ಪರೀಕ್ಷೆಯ ಅಂಕವನ್ನು ನೋಡುವ ಕ್ರಮ ಬಂತು. ವಿಯೆಟ್ನಾಂ ಯುದ್ಧದ ವೇಳೆ 1966ರಲ್ಲಿ ಅದು ಮರಳಿ ಬಂತು. ಮೊದಲ ವರ್ಷದವರು ತರಗತಿಯ ಮೇಲಿನ ಅರ್ಧದಲ್ಲಿ, ಎರಡನೆಯ ವರ್ಷದವರು ಮೇಲಿನ ಮೂರನೆಯ ಎರಡು ಭಾಗದಲ್ಲಿ, ಮೂರನೆಯ ವರ್ಷದವರು ಮೇಲಿನ ಮುಕ್ಕಾಲು ಭಾಗದಲ್ಲಿ ಇರಬೇಕು. ಅಂದರೆ ಅಧ್ಯಾಪಕರು ಕೊಡುವ ಒಂದು 'ಸಿ' ಒಬ್ಬ ತರುಣನನ್ನು ಸಮರಾಂಗಣದತ್ತ ತಳ್ಳಬಹುದಾಗಿತ್ತು. 1966ರ ಮೇ ತಿಂಗಳಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಇಂಥ ಸ್ಥಾನಪಟ್ಟಿಯನ್ನು ಸರ್ಕಾರಕ್ಕೆ ಒದಗಿಸಬಾರದೆಂದು ಆಡಳಿತ ಭವನದಲ್ಲಿ ಧರಣಿ ಕುಳಿತರು. ಕಡಿಮೆ ಶ್ರೇಣಿ ಕೊಡಲು ಕೈ ಬಾರದ ಅಧ್ಯಾಪಕರೂ ಅಂದು ಇದ್ದರು. ಅವರನ್ನು ದೂರುವುದು ಕಷ್ಟ.

ಆ ಬಳಿಕ ಬಂದ ಹೊರೆಗಳು ಅಷ್ಟು ಘೋರವಲ್ಲದಿದ್ದರೂ ದೊಡ್ಡವೇ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್.ಸಿ.ಎ.ಎ. 1983ರಲ್ಲಿ ಅಂಗೀಕರಿಸಿ 1986ರಲ್ಲಿ ಜಾರಿಗೆ ತಂದ ನಿಯಮದಂತೆ, ಮೊದಲ ವರ್ಷವೇ ಆಡಬಯಸುವ ಕ್ರೀಡಾಪಟುವಿಗೆ ಮೂಲವಿಷಯಗಳಲ್ಲಿ 2.0 ಸರಾಸರಿ ಬೇಕಾಯಿತು. ಜಾರ್ಜಿಯಾ ರಾಜ್ಯ 1993ರಲ್ಲಿ ಲಾಟರಿಯ ಹಣದಿಂದ 'ಹೋಪ್' ವಿದ್ಯಾರ್ಥಿವೇತನವನ್ನು ಆರಂಭಿಸಿ, ಅದಕ್ಕೆ 'ಬಿ' ಸರಾಸರಿಯನ್ನು ಗಡಿಯಾಗಿಟ್ಟಿತು. ಸಾವಿರಾರು ಕುಟುಂಬಗಳಿಗೆ ಅದರಿಂದ ಉಪಕಾರವಾಯಿತು. ಆದರೆ ಜಾರ್ಜಿಯಾ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ, ವಿದ್ಯಾರ್ಥಿವೇತನವನ್ನು ಉಳಿಸಿಕೊಳ್ಳಲೆಂದು ವಿದ್ಯಾರ್ಥಿಗಳು ಕಡಿಮೆ ಕ್ರೆಡಿಟ್‌ಗಳನ್ನು ತೆಗೆದುಕೊಳ್ಳುವುದೂ ತರಗತಿಗಳನ್ನು ನಡುವೆಯೇ ಬಿಡುವುದೂ ಹೆಚ್ಚಾಗಿದ್ದುದು ಕಂಡುಬಂತು. ಟೆಕ್ಸಾಸ್ ರಾಜ್ಯ 1997ರಲ್ಲಿ ಪ್ರತಿಯೊಂದು ಪ್ರೌಢಶಾಲೆಯ ಮೇಲಿನ ಶೇಕಡಾ 10ರಷ್ಟು ವಿದ್ಯಾರ್ಥಿಗಳಿಗೆ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶದ ಭರವಸೆ ನೀಡಿತು. ಹಳ್ಳಿಯ ಮತ್ತು ಬಡ ಬಡಾವಣೆಗಳ ಶಾಲೆಗಳಿಗೆ ಬಾಗಿಲು ತೆರೆಯಿತು. ಜೊತೆಗೆ, ಸ್ಪರ್ಧೆ ಕಡಿಮೆಯಿರುವ ಶಾಲೆಯನ್ನು ಹುಡುಕಿ ಆರಿಸಿಕೊಳ್ಳುವ ಕುಟುಂಬಗಳೂ ಕಾಣಿಸಿಕೊಂಡವು.

ಒಂದು ಸಂಖ್ಯೆಗೆ ಬೆಲೆ ಕಟ್ಟಿದೊಡನೆ ಜನ ಆ ಸಂಖ್ಯೆಯನ್ನೇ ಬೆಳೆಸತೊಡಗುತ್ತಾರೆ. ಅಮೆರಿಕದ ಕಾಲೇಜುಗಳ ಶ್ರೇಣಿಗಳನ್ನು ಸಂಗ್ರಹಿಸಿದ ಸ್ಟುವರ್ಟ್ ರೋಜ್‌ಸ್ಟಾಜರ್ ಮತ್ತು ಕ್ರಿಸ್ಟೋಫರ್ ಹೀಲಿ ಅವರ 2012ರ ಅಧ್ಯಯನದ ಪ್ರಕಾರ 1960ರಲ್ಲಿ ಶೇಕಡಾ 15ರಷ್ಟಿದ್ದ 'ಎ'ಗಳು ಸುಮಾರು ಅರ್ಧ ಶತಮಾನದಲ್ಲಿ ಶೇಕಡಾ 43ಕ್ಕೆ ಏರಿದ್ದವು. 2004ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯ 'ಎ' ಶ್ರೇಣಿಗಳು ಶೇಕಡಾ 35ನ್ನು ಮೀರಬಾರದೆಂಬ ಗುರಿ ಇಟ್ಟು, 2014ರಲ್ಲಿ ಅದನ್ನು ಕೈಬಿಟ್ಟಿತು. ಹಾರ್ವರ್ಡ್ ಕಾಲೇಜಿನಲ್ಲಿ ಅತಿ ಹೆಚ್ಚಾಗಿ ಕೊಡಲಾಗುವ ಶ್ರೇಣಿ 'ಎ' ಎಂದು 2013ರಲ್ಲಿ ಅಲ್ಲಿಯ ಡೀನ್ ಒಪ್ಪಿಕೊಂಡರು. ನಾಣ್ಯ ಹೆಚ್ಚಾದರೆ ಬೆಲೆ ಇಳಿಯುವುದು ಸಂತೆಯ ನ್ಯಾಯ; ಅಂಕಕ್ಕೂ ಅದೇ ನ್ಯಾಯ.

ಹಾಗಾದರೆ ಈ ಸರಾಸರಿ ನಿರರ್ಥಕವೇ? ಅಲ್ಲ. ನಾಲ್ಕು ವರ್ಷಗಳ ಕಾಲ, ಹಲವು ಅಧ್ಯಾಪಕರ ಕೈಕೆಳಗೆ, ದಿನದಿನದ ದುಡಿಮೆಯಿಂದ ಕೂಡಿದ ಸಂಖ್ಯೆಯಿದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಕುರಿತ 2007ರ ಅಧ್ಯಯನವೊಂದು, ಕಾಲೇಜಿನಲ್ಲಿ ವಿದ್ಯಾರ್ಥಿ ಹೇಗೆ ನಡೆದುಕೊಂಡಾನೆಂದು ಊಹಿಸಲು ಒಂದು ದಿನದ ಪ್ರವೇಶಪರೀಕ್ಷೆಗಿಂತ ಪ್ರೌಢಶಾಲೆಯ ಸರಾಸರಿಯೇ ಮೇಲೆಂದು ತೋರಿಸಿತು. ಆದರೆ ಶಾಲೆಗಳ ಅಂಕ ಉದಾರವಾದಷ್ಟೂ ಆ ಗುಣ ಮಸುಕಾಗುತ್ತದೆ. ಆದ್ದರಿಂದಲೇ 2020ರಲ್ಲಿ ಪ್ರವೇಶಪರೀಕ್ಷೆಯನ್ನು ಐಚ್ಛಿಕಗೊಳಿಸಿದ ಎಂ.ಐ.ಟಿ. 2022ರಲ್ಲಿಯೂ, ಹಾರ್ವರ್ಡ್ ಮತ್ತು ಡಾರ್ಟ್‌ಮತ್ 2024ರಲ್ಲಿಯೂ ಅದನ್ನು ಮರಳಿ ಕಡ್ಡಾಯಗೊಳಿಸಿದವು.

ನಮ್ಮ ನಾಡಿನ ಲೆಕ್ಕ

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಗಳು ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. 1858ರಲ್ಲಿ ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆಯಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರೂ ಜದುನಾಥ ಬೋಸರೂ ಪದವಿ ಪಡೆದದ್ದು ಒಂದು ವಿಷಯದಲ್ಲಿ ಕೃಪಾಂಕ ದೊರೆತ ಮೇಲೆಯೇ. ಮುಂದೆ ಬಂಗಾಳಿ ಕಾದಂಬರಿಗೆ ದಾರಿ ತೋರಿದ ಪ್ರತಿಭೆಯನ್ನು ಆ ಅಂಕಪಟ್ಟಿ ಹಿಡಿಯಲಾರದೆ ಹೋಯಿತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವೂ ದರ್ಜೆ ಮತ್ತು ಅಂಕಗಳ ಈ ಪರಂಪರೆಯಲ್ಲಿಯೇ ಬೆಳೆಯಿತು.

ಈಗ ಅಲ್ಲಿಯೂ ಗಾಳಿ ಬದಲಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗ 2015ರಲ್ಲಿ ಹತ್ತು ಅಂಶಗಳ ಮಾಪಕವನ್ನು ಕ್ರೆಡಿಟ್ ಪದ್ಧತಿಯೊಡನೆ ಮುಂದಿಟ್ಟಿತು. ಊರಿನಿಂದ ಉನ್ನತ ವ್ಯಾಸಂಗಕ್ಕೆ ಬರುವ ನಮ್ಮ ಸೋದರಳಿಯಂದಿರು ತರುವುದು 8.0 ಎಂಬಂತಹ ಸಂಖ್ಯೆಯನ್ನು. ಅದು ಪ್ರತಿಶತ ಎಷ್ಟು? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ 2015ರ ಪಠ್ಯಕ್ರಮದ ಸೂತ್ರದಂತೆ 0.75 ಕಳೆದು ಹತ್ತರಿಂದ ಗುಣಿಸಿದರೆ 72.5. ಸಿ.ಬಿ.ಎಸ್.ಇ. ಹತ್ತನೆಯ ತರಗತಿಯ ಶ್ರೇಣಿಪದ್ಧತಿಯಲ್ಲಿ ಬಳಸಿದ 9.5ರ ಗುಣಕದಂತೆ 76. ಒಂದೇ 8.0ಗೆ ಎರಡು ಅರ್ಥಗಳು. ಇದೇ ಕಾರಣಕ್ಕೆ, ಪ್ರತಿಶತವನ್ನು 25ರಿಂದ ಭಾಗಿಸಿ ಅಮೆರಿಕದ ಜಿ.ಪಿ.ಎ. ಎನ್ನುವುದು ಶುದ್ಧ ಅನ್ಯಾಯ. ಹಾಗೆ ಮಾಡಿದರೆ ಪ್ರಥಮ ದರ್ಜೆಯ 60 ಕೇವಲ 2.4 ಆಗಿಬಿಡುತ್ತದೆ. ಇಲ್ಲಿಯ ವಿಶ್ವವಿದ್ಯಾನಿಲಯ ಮೂಲ ಅಂಕಪಟ್ಟಿಯನ್ನು ಕೇಳಿದರೆ ಅದನ್ನು ಹಾಗೆಯೇ ಕಳುಹಿಸುವುದು ಉತ್ತಮ.

ಒಂದೇ ರಾಜ್ಯದ ಎರಡು ವರ್ಷಗಳ ಅಂಕಗಳೂ ಸಮಾನವಲ್ಲವೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ರದ್ದುಪಡಿಸಿ ಹಿಂದಿನ ಅಂಕಗಳ ಆಧಾರದ ಮೇಲೆ ಫಲಿತಾಂಶ ಕೊಡಲಾಯಿತು. ಆ ತಂಡದವರು 2022ರಲ್ಲಿ ಮತ್ತೆ ಸಿ.ಇ.ಟಿ. ಬರೆದಾಗ ಅವರ ಪಿ.ಯು.ಸಿ. ಅಂಕಗಳನ್ನು ಪರಿಗಣಿಸುವುದಿಲ್ಲವೆಂದು ಪರೀಕ್ಷಾ ಪ್ರಾಧಿಕಾರ ತೀರ್ಮಾನಿಸಿತು. ವಿದ್ಯಾರ್ಥಿಗಳು ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಕೊನೆಗೆ ಎರಡು ವರ್ಷಗಳ ಅಂಕಗಳನ್ನು ಒಂದು ಸೂತ್ರದಿಂದ ಸರಿದೂಗಿಸಿ ರ‍್ಯಾಂಕ್‌ಗಳನ್ನು ಮತ್ತೆ ನಿರ್ಧರಿಸಬೇಕಾಯಿತು.

ಬಂಧುಗಳೇ, 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂದು ನಮ್ಮ ಹಿರಿಯರು ಭಿನ್ನರಾಶಿಯಲ್ಲಿಯೇ ಹೇಳಿಟ್ಟಿದ್ದಾರೆ. ಮುಂದಿನ ಬಾರಿ ಅಂಕಪಟ್ಟಿ ಮನೆಗೆ ಬಂದಾಗ ಸರಾಸರಿ ಎಷ್ಟೆಂದು ಕೇಳುವ ಮೊದಲು, ಯಾವ ವಿಷಯಗಳನ್ನು ಆರಿಸಿಕೊಂಡೆ, ಹಿಂದಿನ ವರ್ಷಕ್ಕಿಂತ ಯಾವುದು ಸುಧಾರಿಸಿತು, ಯಾವುದನ್ನು ಸರಾಸರಿಯ ಭಯದಿಂದ ಬಿಟ್ಟೆ ಎಂದು ಕೇಳೋಣ. ಈ ಮೂರನೆಯ ಪ್ರಶ್ನೆಗೆ ಮಕ್ಕಳು ಅಂಜದೆ ಉತ್ತರ ಕೊಡುವ ವಾತಾವರಣ ನಮ್ಮ ಮನೆಗಳಲ್ಲಿ ಇರಬೇಕು. ಆ ಉತ್ತರವನ್ನು ಬರೆಯಲು ಯಾವ ಅಂಕಪಟ್ಟಿಯಲ್ಲಿಯೂ ಜಾಗವಿಲ್ಲ. ಅದು ತಿಳಿಯಬೇಕಾದುದು ನಮ್ಮಿಂದಲೇ.